ಅಪ್ಪನ ಮಾತ್ರೆಗೆ ಎಷ್ಟು ಮರ?

ಪುಣೆಯಲ್ಲಿ ನಾವಿರುವ ಸೊಸೈಟಿಯ ಕಟ್ಟೆ ಸಂಜೆ ಐದಕ್ಕೆ ತುಂಬಿಬಿಡುತ್ತದೆ. ಕೂತವರಲ್ಲಿ ಹೆಚ್ಚಿನವರು ಮಕ್ಕಳ ಮನೆಗೆಂದು ಊರಿನಿಂದ ಬಂದ ಅಪ್ಪಂದಿರು. ಕನ್ನಡ, ತೆಲುಗು, ಹಿಂದಿ, ಮರಾಠಿ ಎಲ್ಲ ಕಲಸಿಕೊಂಡು ಮಾತು ಸಾಗುತ್ತದೆ. ಬಿಪಿ, ಶುಗರ್, ಮಂಡಿನೋವಿನ ಸುದ್ದಿ ದೊಡ್ಡ ದನಿಯಲ್ಲೇ ನಡೆಯುತ್ತದೆ. ಒಂದು ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತದೆ. ರಾತ್ರಿ ಎಷ್ಟು ಸಲ ಏಳುತ್ತೀರಿ? ಮೂರು ಎನ್ನುತ್ತಾರೆ ಒಬ್ಬರು, ಐದು ಎನ್ನುತ್ತಾರೆ ಇನ್ನೊಬ್ಬರು. ಹೋದರೂ ಪೂರ್ತಿ ಆದ ಹಾಗೆ ಅನ್ನಿಸುವುದಿಲ್ಲ ಎಂದು ಮತ್ತೊಬ್ಬರು ಸೇರಿಸುತ್ತಾರೆ.

ನನ್ನ ಅಪ್ಪನೂ ಈ ಕಟ್ಟೆಯ ಸದಸ್ಯರೇ. ಶಿರಸಿ ಕಡೆಯ ಹಳ್ಳಿಯವರು. ಅಡಿಕೆ ಕೊಯ್ಲು, ಸುಲಿಯುವುದು, ಒಣಗಿಸುವುದು ಎಲ್ಲ ಮುಗಿದ ಮೇಲೆ ಒಂದೆರಡು ತಿಂಗಳ ಮಟ್ಟಿಗೆ ಬಂದಿರುತ್ತಾರೆ. ಅಮೆರಿಕದಿಂದ ಬಂದ ನೆಂಟರೊಬ್ಬರು ಅವರಿಗೆ ಒಂದು ಬಾಟಲಿ ಕೊಟ್ಟು ಹೋಗಿದ್ದರು. ಪ್ರಾಸ್ಟೇಟ್‌ಗೆ ಒಳ್ಳೆಯದಂತೆ, ಪೂರಾ ಗಿಡಮೂಲಿಕೆಯಂತೆ, ಸೈಡ್ ಎಫೆಕ್ಟ್ ಇಲ್ಲವಂತೆ. ಅಪ್ಪ ಬಾಟಲಿಯನ್ನು ನನ್ನ ಕೈಗಿತ್ತು, 'ಇದು ಎಂತ ಮರವೋ ನೋಡು' ಎಂದರು. ಗಿಡಮೂಲಿಕೆ ಎಂದರೆ ಅವರಿಗೆ ಮೊದಲು ಹುಟ್ಟುವ ಪ್ರಶ್ನೆ ಅದೇ. ಮರ ಗೊತ್ತಿಲ್ಲದೆ ಮದ್ದು ನಂಬುವ ಜನ ಅಲ್ಲ.

ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ 'ಪೈಜಿಯಂ ಆಫ್ರಿಕಾನಂ, ತೊಗಟೆಯ ಸಾರ, 100 ಮಿಲಿಗ್ರಾಂ' ಎಂದಿತ್ತು. ಈ ಹೆಸರು ನನಗೆ ಹೊಸದಲ್ಲ. ರಫ್ತು ಆಮದಿನ ಕಾಗದಪತ್ರಗಳನ್ನು ನಿಭಾಯಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಯಾವ ಸರಕಿಗೆ ಯಾವ ಪರವಾನಗಿ ಬೇಕು ಎಂಬ ಪಟ್ಟಿಗಳನ್ನು ದಿನವೂ ನೋಡುತ್ತೇನೆ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇದೇ ಮರ ಅದರ ಈಗಿನ ಹೆಸರಲ್ಲಿದೆ: ಪ್ರೂನಸ್ ಆಫ್ರಿಕಾನಾ. ಅಪ್ಪನ ಪ್ರಶ್ನೆಯ ನೆಪದಲ್ಲಿ, ಪಟ್ಟಿಯ ಆ ಒಂದು ಸಾಲಿನ ಹಿಂದೆ ಏನಿದೆ ಎಂದು ಓದತೊಡಗಿದೆ.

ಬಾದಾಮಿಯ ನೆಂಟ

ಪ್ರೂನಸ್ ಎಂಬ ಕುಲ ನಮಗೆ ಅಪರಿಚಿತವೇನಲ್ಲ. ಬಾದಾಮಿ, ಪ್ಲಮ್, ಪೀಚ್, ಏಪ್ರಿಕಾಟ್, ಚೆರ್ರಿ ಎಲ್ಲ ಈ ಮನೆತನದವೇ. ಗುಲಾಬಿಯ ಕುಟುಂಬಕ್ಕೆ ಸೇರಿದವು. ದೆಹಲಿಯಲ್ಲಿರುವ ಕನ್ನಡಿಗರು ಹಿಮಾಚಲಕ್ಕೋ ಉತ್ತರಾಖಂಡಕ್ಕೋ ಹೋದಾಗ ಗುಲಾಬಿ ಬಣ್ಣದ ಹೂ ಹೊತ್ತ ಕಾಡುಚೆರ್ರಿ ಕಂಡಿರಬಹುದು. ಆಯುರ್ವೇದದವರು ಪದ್ಮಕ ಎನ್ನುವ ಆ ಮರವೂ ಒಂದು ಪ್ರೂನಸ್. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲೂ ಪ್ರೂನಸ್ ಸಿಲಾನಿಕಾ ಎಂಬ ದೊಡ್ಡ ಮರವಿದೆ. ಅದನ್ನೂ ಹಿಂದೆ ಪೈಜಿಯಂ ಎಂದೇ ಕರೆಯುತ್ತಿದ್ದರು. ಅಂದರೆ ಆಫ್ರಿಕದ ಈ ಮರಕ್ಕೆ ನಮ್ಮ ಘಟ್ಟದಲ್ಲಿ ದಾಯಾದಿ ಉಂಟು.

ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಈ ಕುಲದ ಸ್ವದೇಶಿ ಮರ ಎಂದರೆ ಬಹುತೇಕ ಇದೊಂದೇ. ಅದೂ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಬೆಟ್ಟ ಬೇಕು, ತಂಪು ಬೇಕು, ಮಂಜು ಮಳೆ ಬೇಕು. ಹೆಚ್ಚಾಗಿ ಸಮುದ್ರಮಟ್ಟದಿಂದ 900 ಮೀಟರ್‌ನಿಂದ 3,000 ಮೀಟರ್ ಎತ್ತರದ ನಡುವೆ ಸಿಗುತ್ತದೆ. ನಕಾಶೆ ಹರಡಿ ಈ ಎತ್ತರದ ತಾಣಗಳಿಗೆಲ್ಲ ಬಣ್ಣ ಹಚ್ಚಿದರೆ ಆಫ್ರಿಕದ ತುಂಬ ಬಿಡಿ ಬಿಡಿ ದ್ವೀಪಗಳು ಕಂಡ ಹಾಗೆ ಕಾಣುತ್ತದೆ. ಪಶ್ಚಿಮದಲ್ಲಿ ಕ್ಯಾಮರೂನ್‌ನ ಬೆಟ್ಟಸಾಲು, ಅದರ ಎದುರಿನ ಬಿಯೋಕೋ ದ್ವೀಪ. ಪೂರ್ವದಲ್ಲಿ ಇಥಿಯೋಪಿಯಾದ ಎತ್ತರದ ನಾಡು, ಕೀನ್ಯಾ, ಉಗಾಂಡ, ಟಾಂಜಾನಿಯಾ. ಕೆಳಗೆ ದಕ್ಷಿಣ ಆಫ್ರಿಕದವರೆಗೆ. ಸಮುದ್ರ ದಾಟಿದರೆ ಮಡಗಾಸ್ಕರ್. ಒಂದು ತಾಣಕ್ಕೂ ಇನ್ನೊಂದಕ್ಕೂ ನೂರಾರು ಮೈಲಿ ಬಿಸಿ ಬಯಲು ಅಡ್ಡ. ಒಂದು ಬೆಟ್ಟದಲ್ಲಿ ಮರ ಮುಗಿದರೆ ಪಕ್ಕದ ಬೆಟ್ಟದಿಂದ ಬೀಜ ಹಾರಿ ಬರುವ ಮಾತೇ ಇಲ್ಲ.

ವರ್ಷವಿಡೀ ಹಸಿರಾಗಿರುವ ಮರ. ಕಾಡಿನ ನಡುವೆ ಬೆಳಕಿಗಾಗಿ ಏರಿದರೆ 30 ಮೀಟರ್ ದಾಟುತ್ತದೆ, ಬಯಲಿನಲ್ಲಿ ಗಿಡ್ಡಕ್ಕೆ ಹರಡಿಕೊಳ್ಳುತ್ತದೆ. ಎಲೆ ದಪ್ಪ, ಮೇಲ್ಮೈ ಹೊಳಪು, ಅಂಚಿನಲ್ಲಿ ಸಣ್ಣ ಹಲ್ಲುಗಳು, ತೊಟ್ಟಿಗೆ ನಸುಗೆಂಪು. ತೊಗಟೆ ಕಂದುಗಪ್ಪು, ಒರಟು, ಚೌಕ ಚೌಕವಾಗಿ ಬಿರುಕು ಬಿಟ್ಟದ್ದು. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಇದಕ್ಕೆ ಟಿಕುರ್ ಇಂಚೆಟ್ ಎನ್ನುತ್ತಾರೆ, ಎಂದರೆ ಕರಿಮರ. ಎಲೆ ಹಿಸುಕಿದರೆ ಕಹಿಬಾದಾಮಿಯ ವಾಸನೆ ಬರುತ್ತದೆ. ಕಹಿಬಾದಾಮಿ ಮತ್ತು ಏಪ್ರಿಕಾಟ್ ಬೀಜದಲ್ಲಿರುವ ಬಗೆಯ ಸಯನೈಡ್ ಅಂಶ ಇದರಲ್ಲೂ ಇರುವುದೇ ಕಾರಣ. ದಕ್ಷಿಣ ಆಫ್ರಿಕದವರು ಇದನ್ನು ಕೆಂಪು ನಾರುಮರ ಎಂಬರ್ಥದಲ್ಲಿ ರೆಡ್ ಸ್ಟಿಂಕ್‌ವುಡ್ ಎಂದರು. ಅಲ್ಲಿ ಅದು ಕಾನೂನಿನ ರಕ್ಷಣೆ ಪಡೆದ ಮರ.

ಹೂ ಸಣ್ಣದು, ಬಿಳಿ. ಜೇನು ಬಂದು ಕೂರುತ್ತದೆ. ಹಣ್ಣು ನಮ್ಮ ಅಂಗಡಿಯ ಚೆರ್ರಿಗಿಂತ ಚಿಕ್ಕದು, ಕಡುಗೆಂಪು, ರುಚಿ ಕಹಿ. ಮನುಷ್ಯರಿಗೆ ಬೇಡವಾದ ಈ ಹಣ್ಣು ಮಂಗಗಳಿಗೂ ಹಕ್ಕಿಗಳಿಗೂ ಬೇಕು, ಬೀಜ ಹರಡುವವರೂ ಅವರೇ. ಬೀಜಕ್ಕೆ ಇನ್ನೊಂದು ಸ್ವಭಾವವಿದೆ. ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಂಡು ಬೇಕಾದಾಗ ಬಿತ್ತುತ್ತೇನೆಂದರೆ ಆಗುವುದಿಲ್ಲ, ಬೇಗ ಸತ್ತುಹೋಗುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಲಸಿನ ಬೀಜವನ್ನು ವರ್ಷ ಬಿಟ್ಟು ನೆಟ್ಟರೆ ಏನಾಗುತ್ತದೆ ಎಂದು ನಮಗೆ ಗೊತ್ತು.

ಊರಿನವರ ಮರ

ಫ್ರಾನ್ಸಿನ ಔಷಧ ಕಂಪನಿಗೆ ಈ ಮರ ಕಾಣುವ ಮೊದಲೇ ಬೆಟ್ಟದ ಜನ ಇದರ ಜೊತೆ ಬದುಕಿದ್ದರು. ಮರ ಗಟ್ಟಿ, ಭಾರ. ಕೊಡಲಿಗೂ ಗುದ್ದಲಿಗೂ ಕಾವು ಮಾಡುವುದಕ್ಕೆ ಹೇಳಿಮಾಡಿಸಿದ್ದು. ದಕ್ಷಿಣ ಆಫ್ರಿಕದಲ್ಲಿ ಎತ್ತಿನ ಬಂಡಿಗಳಿಗೆ ಬಳಸಿದರು. ಸೌದೆಯಾಗಿ ಚೆನ್ನಾಗಿ ಉರಿಯುತ್ತದೆ. ತೊಗಟೆ ಮನೆಮದ್ದು: ಜ್ವರ, ಮಲೇರಿಯಾ, ಎದೆನೋವು, ಹೊಟ್ಟೆನೋವಿಗೆ ಕಷಾಯ. ವಯಸ್ಸಾದವರ ಮೂತ್ರದ ತೊಂದರೆಗೂ ಕೆಲವೆಡೆ ಕೊಡುತ್ತಿದ್ದರು.

ಊರಿನ ಬಳಕೆಗೆ ಒಂದು ಮಿತಿ ತಾನಾಗಿ ಇರುತ್ತದೆ. ಕಷಾಯಕ್ಕೆ ಅಂಗೈಯಗಲ ತೊಗಟೆ ಸಾಕು. ನಾಳೆ ಮತ್ತೆ ಬೇಕಾದರೆ ಅದೇ ಮರದ ಬಳಿ ಹೋಗಬೇಕು, ಹಾಗಾಗಿ ಮರ ಉಳಿಯಬೇಕು. ನಮ್ಮಲ್ಲೂ ಮತ್ತಿ ತೊಗಟೆ, ಮಾವಿನ ಚಕ್ಕೆ ಕೆತ್ತುವವರು ಮರದ ಒಂದು ಪಕ್ಕಕ್ಕೆ ಮಾತ್ರ ಕತ್ತಿ ಹಾಕುತ್ತಿದ್ದರು.

ಫ್ರಾನ್ಸ್‌ಗೆ ಹೊರಟ ತೊಗಟೆ

ಗುಸ್ತಾವ್ ಮಾನ್ ಎಂಬ ಸಸ್ಯ ಸಂಗ್ರಾಹಕ 1860ರ ದಶಕದ ಆರಂಭದಲ್ಲಿ ಕ್ಯಾಮರೂನ್ ಬೆಟ್ಟ ಹತ್ತಿ ಮಾದರಿಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳಿಸಿದ. ಅಲ್ಲಿ ಜೋಸೆಫ್ ಹೂಕರ್ ಇದಕ್ಕೆ ಪೈಜಿಯಂ ಆಫ್ರಿಕಾನಂ ಎಂದು ಹೆಸರಿಟ್ಟರು. ನೂರು ವರ್ಷ ಕಳೆದು 1965ರಲ್ಲಿ ಅದು ಪ್ರೂನಸ್ ಕುಲಕ್ಕೆ ಸೇರಿತು. ಸಸ್ಯವಿಜ್ಞಾನದಲ್ಲಿ ಹೆಸರು ಬದಲಾದರೂ ಔಷಧದ ಲೇಬಲ್ಲಿನಲ್ಲಿ ಹಳೆಯ ಪೈಜಿಯಂ ಇವತ್ತಿಗೂ ಉಳಿದುಕೊಂಡಿದೆ.

1966ರಲ್ಲಿ ಫ್ರಾನ್ಸಿನ ಜಾಕ್ ದೆಬಾ ತೊಗಟೆಯ ಸಾರಕ್ಕೆ ಪೇಟೆಂಟ್ ಪಡೆದರು. ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ವಯಸ್ಸಾದಂತೆ ಅದು ಹಿಗ್ಗುತ್ತದೆ, ನಾಳವನ್ನು ಅದುಮುತ್ತದೆ. ಇದು ಕ್ಯಾನ್ಸರ್ ಅಲ್ಲ. ಐವತ್ತರ ಹರೆಯದ ಕೊನೆಗೆ ಬರುವ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಇದರ ಗುರುತು ಸಿಗುತ್ತದೆ. ಎಂಬತ್ತು ದಾಟಿದವರಲ್ಲಿ ಬಹುತೇಕ ಎಲ್ಲರಲ್ಲೂ. ಇಷ್ಟು ದೊಡ್ಡ ಗಿರಾಕಿಗಳ ಸಾಲು ಇರುವ ಕಾಯಿಲೆಗೆ ಒಂದು ಮರದ ತೊಗಟೆ ಮದ್ದಾಯಿತು ಎಂದರೆ ಮುಂದಿನದನ್ನು ಊಹಿಸಬಹುದು. ಟಾಡೆನಾನ್ ಎಂಬ ಹೆಸರಿನಲ್ಲಿ ಯುರೋಪಿನ ಔಷಧದಂಗಡಿಗಳಿಗೆ ಮಾತ್ರೆ ಬಂತು. 1972ರಲ್ಲಿ ಕ್ಯಾಮರೂನ್‌ನಲ್ಲೇ ಪ್ಲಾಂಟೆಕಾಮ್ ಎಂಬ ಕಂಪನಿ ಶುರುವಾಯಿತು. ತೊಗಟೆ ಕೊಂಡು, ಸಾರ ತೆಗೆದು, ಫ್ರಾನ್ಸ್‌ಗೆ ಕಳಿಸುವುದು ಅದರ ಕೆಲಸ.

ಕ್ಯಾಮರೂನ್ ಬೆಟ್ಟ ನಾಲ್ಕು ಸಾವಿರ ಮೀಟರ್‌ಗಿಂತ ಎತ್ತರದ ಜೀವಂತ ಜ್ವಾಲಾಮುಖಿ. ಸಮುದ್ರದ ದಡದಿಂದಲೇ ಎದ್ದು ನಿಂತಿದೆ. ಅದರ ಬುಡದಲ್ಲಿರುವ ಡೆಬುಂಡ್ಚಾ ಎಂಬಲ್ಲಿ ವರ್ಷಕ್ಕೆ ಸುಮಾರು 10,000 ಮಿಲಿಮೀಟರ್ ಮಳೆ, ನಮ್ಮ ಆಗುಂಬೆಗಿಂತ ಹೆಚ್ಚು. ಆ ಮಳೆಕಾಡನ್ನು ದಾಟಿ ಮಂಜಿನ ಎತ್ತರಕ್ಕೆ ಏರಿದರೆ ಪ್ರೂನಸ್ ಸಿಗುತ್ತದೆ. ಅಲ್ಲಿಂದ ತೊಗಟೆಯ ಮೂಟೆ ಹೊತ್ತು ಇಳಿಯುವವರು ಬೆಟ್ಟದ ಕೆಳಗಿನ ಹಳ್ಳಿಯವರು. ಕಿಲೋ ಲೆಕ್ಕದಲ್ಲಿ ಅವರಿಗೆ ಸಿಗುವುದು ಕೈಗೆ ಬರುವ ಚಿಲ್ಲರೆ. ಅದೇ ತೊಗಟೆ ಸಾರವಾಗಿ, ಮಾತ್ರೆಯಾಗಿ, ಬಾಟಲಿ ಸೇರುವ ಹೊತ್ತಿಗೆ ಬೆಲೆ ಗುರುತು ಸಿಗದಷ್ಟು ಏರಿರುತ್ತದೆ. ಅಡಿಕೆ, ಏಲಕ್ಕಿ, ಕಾಫಿ ಬೆಳೆಯುವ ಮನೆಗಳಿಂದ ಬಂದ ನಮಗೆ ಈ ಕಥೆಯ ಈ ಭಾಗ ಬಾಯಿಪಾಠ.

ಅರ್ಧ ಸುಲಿ, ಅರ್ಧ ಬಿಡು

ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಕಾಂಡದ ಸುತ್ತ ತೊಗಟೆ ಪೂರಾ ತೆಗೆದರೆ ಬೇರು ಉಪವಾಸ ಬೀಳುತ್ತದೆ, ಮರ ನಿಂತಲ್ಲೇ ಒಣಗುತ್ತದೆ. ಬೇಡದ ಮರವನ್ನು ಕಡಿಯದೆ ಕೊಲ್ಲಬೇಕಾದರೆ ಸುತ್ತ ಕಚ್ಚು ಹಾಕುತ್ತಾರಲ್ಲ, ಅದೇ ಲೆಕ್ಕ.

ಆದರೆ ಪ್ರೂನಸ್ ಆಫ್ರಿಕಾನಾ ಈ ವಿಷಯದಲ್ಲಿ ಗಟ್ಟಿಗ. ತೊಗಟೆಯ ಕೆಳಗಿನ ಜೀವಂತ ಪದರಕ್ಕೆ ಗಾಯ ಮಾಡದೆ ಸುಲಿದರೆ ಹೊಸ ತೊಗಟೆ ಬೆಳೆದುಕೊಳ್ಳುತ್ತದೆ. ಈ ಗುಣವನ್ನು ನೋಡಿಕೊಂಡು ಒಂದು ಕ್ರಮ ಮಾಡಿದರು. ಕಾಂಡದ ಸುತ್ತಳತೆಯನ್ನು ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲನ್ನು ಬುಡದಿಂದ ಸ್ವಲ್ಪ ಮೇಲಿನಿಂದ ಹಿಡಿದು ಮೊದಲ ಕವಲಿನವರೆಗೆ ಸುಲಿಯಬೇಕು. ಉಳಿದೆರಡು ಪಾಲನ್ನು ಮುಟ್ಟಬಾರದು. ನಾಲ್ಕೈದು ವರ್ಷ ಕಾಯಬೇಕು. ಸುಲಿದ ಭಾಗ ತುಂಬಿಕೊಂಡ ಮೇಲೆ ಉಳಿದೆರಡು ಪಾಲಿಗೆ ಕೈ ಹಾಕಬೇಕು. ಎಳೆಯ ಮರಕ್ಕೆ ಹೋಗಲೇಬಾರದು. ಮುಂದೆ ಪರಿಶೀಲಿಸಿದವರು ನಾಲ್ಕೈದು ವರ್ಷವೂ ಸಾಲದು, ಇನ್ನೂ ಹೆಚ್ಚು ಬಿಡುವು ಬೇಕು ಎಂದರು.

ಕ್ರಮ ಚೆನ್ನಾಗಿಯೇ ಇತ್ತು. ಪಾಲಿಸಲು ಕಾರಣವಿರುವವರೆಗೆ ಪಾಲನೆಯೂ ಆಯಿತು. 1980ರ ದಶಕದಲ್ಲಿ ಸರ್ಕಾರ ಇನ್ನೂ ಅನೇಕರಿಗೆ ಪರವಾನಗಿ ಹಂಚಿತು. ಒಂದೇ ಕಾಡಿಗೆ ಹಲವು ಗುಂಪುಗಳು ಇಳಿದವು. ಆಗ ಕೊಯ್ಯುವವನ ತಲೆಯಲ್ಲಿ ಓಡುವ ಲೆಕ್ಕ ಬೇರೆಯೇ. ನಾನು ಅರ್ಧ ಬಿಟ್ಟು ಹೋದರೆ ಐದು ವರ್ಷದ ನಂತರ ಅದು ನನಗೆ ಸಿಗುವ ಖಾತ್ರಿ ಏನು? ನಾಳೆ ಬೆಳಿಗ್ಗೆ ಇನ್ನೊಬ್ಬ ಬಂದು ಸುಲಿದುಕೊಂಡು ಹೋಗುತ್ತಾನೆ. ಹಾಗಾಗಿ ಪೂರಾ ಸುಲಿದರು. ಕೈಗೆ ಸಿಗದ ಕೊಂಬೆಯ ತೊಗಟೆಗಾಗಿ ಮರವನ್ನೇ ಉರುಳಿಸಿದರು. ಮಡಗಾಸ್ಕರ್‌ನಲ್ಲೂ ಮರ ಕಡಿದೇ ತೊಗಟೆ ತೆಗೆದರು. ಕ್ಯಾಮರೂನ್‌ನ ವಾಯವ್ಯದ ಓಕು ಬೆಟ್ಟದ ಕಾಡಿನಲ್ಲಿ ದೊಡ್ಡ ಮರಗಳು ಒಣಗಿ ನಿಂತವು. ಹೂ, ಹಣ್ಣು ಕೊಡುವುದು ದೊಡ್ಡ ಮರಗಳೇ ಆದ್ದರಿಂದ ಮರಿಸಸಿಗಳಿಗೂ ಪೆಟ್ಟು ಬಿತ್ತು.

ಕೊಯ್ದವರನ್ನು ದುರಾಸೆಯವರು ಎಂದು ಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಮರ ಯಾರದ್ದು ಎಂಬುದು ತೀರ್ಮಾನವಾಗದ ಕಡೆ ಕಾಯುವವನೇ ಸೋಲುತ್ತಾನೆ. ಶಿರಸಿ ಸೀಮೆಯ ಬೆಟ್ಟಭೂಮಿಯ ತಕರಾರುಗಳ ನಡುವೆ ಬೆಳೆದವರಿಗೆ ಇದು ಅರ್ಥವಾಗುತ್ತದೆ. ತನ್ನದೆಂದು ಗೊತ್ತಿರುವ ಮರದ ಸೊಪ್ಪು ಕಡಿಯುವಾಗ ತುದಿ ಬಿಡುವ ಕೈ, ಯಾರದ್ದೂ ಅಲ್ಲದ ಮರಕ್ಕೆ ಹಾಗೆ ಮಾಡುವುದಿಲ್ಲ.

ಒಂದು ಲೆಕ್ಕ

ನಾನು ಎಂಜಿನಿಯರ್, ಲೆಕ್ಕ ಮಾಡದೆ ಸಮಾಧಾನವಿಲ್ಲ. ಕ್ಯಾಮರೂನ್‌ನ ಈ ವ್ಯಾಪಾರದ ಬಗ್ಗೆ ಬರೆದವರು ಕೊಡುವ ಅಂದಾಜು ಹೀಗಿದೆ: 2,000 ಕಿಲೋ ಹಸಿ ತೊಗಟೆ ಒಣಗಿದರೆ 1,000 ಕಿಲೋ. ಅದರಿಂದ ಸಿಗುವ ಸಾರ ಸುಮಾರು 5 ಕಿಲೋ. ರೋಗಿ ದಿನಕ್ಕೆ ತೆಗೆದುಕೊಳ್ಳುವ ಸಾಮಾನ್ಯ ಪ್ರಮಾಣ 100 ಮಿಲಿಗ್ರಾಂ.

ಈಗ ನೋಡಿ. 30 ದಿನಕ್ಕೆ 3 ಗ್ರಾಂ ಸಾರ. ಅದಕ್ಕೆ 600 ಗ್ರಾಂ ಒಣ ತೊಗಟೆ, ಅಂದರೆ ಕಿಲೋಗಿಂತ ಹೆಚ್ಚು ಹಸಿ ತೊಗಟೆ. ವರ್ಷಕ್ಕೆ 36.5 ಗ್ರಾಂ ಸಾರ, 7.3 ಕಿಲೋ ಒಣ ತೊಗಟೆ, 14.6 ಕಿಲೋ ಹಸಿ ತೊಗಟೆ. ಕ್ರಮಬದ್ಧವಾಗಿ ಎರಡು ಪಾಲು ಸುಲಿದರೆ ಒಂದು ದೊಡ್ಡ ಮರ ಕೊಡುವುದು ಸುಮಾರು 55 ಕಿಲೋ ಎಂಬ ಅಂದಾಜಿತ್ತು. ಆಮೇಲೆ ಮರಕ್ಕೆ ಐದು ವರ್ಷ ರಜೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಹಂಚಿದರೆ 11 ಕಿಲೋ. ರೋಗಿಗೆ ಬೇಕಾದದ್ದು 14.6.

ಎಂದರೆ ಒಬ್ಬ ರೋಗಿಯ ಮಾತ್ರೆ ನಿಲ್ಲದೆ ನಡೆಯಬೇಕಾದರೆ ಆಫ್ರಿಕದ ಯಾವುದೋ ಬೆಟ್ಟದಲ್ಲಿ ಒಂದಕ್ಕಿಂತ ಹೆಚ್ಚು ದೊಡ್ಡ ಮರ ಅವನೊಬ್ಬನ ಹೆಸರಿಗೇ ನಿಂತಿರಬೇಕು. ಅದೂ ಎಲ್ಲರೂ ಅರ್ಧ ಬಿಟ್ಟು ಸುಲಿದರೆ. ಬಿಡುವನ್ನು ಎಂಟು ವರ್ಷಕ್ಕೆ ಏರಿಸಿದರೆ ಎರಡಕ್ಕಿಂತ ಹೆಚ್ಚು ಮರ ಬೇಕು. ಕಂಪನಿಯಿಂದ ಕಂಪನಿಗೆ ಸಾರ ತೆಗೆಯುವ ರೀತಿ ಬೇರೆಯಾಗಬಹುದು, ಮರದಿಂದ ಮರಕ್ಕೆ ತೊಗಟೆಯ ದಪ್ಪ ಬೇರೆಯಾಗಬಹುದು. ಅಂಕಿ ಆಚೀಚೆ ಆದರೂ ಒಬ್ಬನಿಗೆ ಒಂದೆರಡು ಮರ ಎಂಬ ಅಳತೆ ತಪ್ಪುವುದಿಲ್ಲ. ರೋಗಿಗಳು ಲಕ್ಷ ಲಕ್ಷ. ಬೆಟ್ಟದ ಆ ದ್ವೀಪಗಳಲ್ಲಿರುವ ಮರಗಳು ಎಷ್ಟು? ಎಣಿಸದೆ ಅದು ಗೊತ್ತಾಗುವುದಿಲ್ಲ. ಬಹುಕಾಲ ಯಾರೂ ಎಣಿಸಲಿಲ್ಲ ಎಂಬುದೇ ಈ ವ್ಯಾಪಾರದ ದೊಡ್ಡ ಕೊರತೆ.

1995ರಲ್ಲಿ ಈ ಮರ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಬಂತು. ಅಂದರೆ ವ್ಯಾಪಾರ ನಿಷೇಧವಲ್ಲ. ರಫ್ತು ಮಾಡುವ ದೇಶ, ಇದರಿಂದ ಮರದ ಸಂತತಿಗೆ ಕೇಡಿಲ್ಲ ಎಂದು ಖಚಿತ ಮಾಡಿಕೊಂಡು ಪರವಾನಗಿ ಕೊಡಬೇಕು. ಎಣಿಕೆಯಿಲ್ಲದೆ ಇದನ್ನು ಹೇಳುವುದು ಹೇಗೆ? 1998ರಲ್ಲಿ ಐಯುಸಿಎನ್ ಪಟ್ಟಿಯಲ್ಲಿ ಅಪಾಯಕ್ಕೆ ತುತ್ತಾಗಬಲ್ಲದ್ದು ಎಂದು ದಾಖಲಾಯಿತು. 2000ದಲ್ಲಿ ಪ್ಲಾಂಟೆಕಾಮ್ ಮುಚ್ಚಿತು. 2007ರಲ್ಲಿ ಐರೋಪ್ಯ ಒಕ್ಕೂಟ ಕ್ಯಾಮರೂನ್‌ನ ತೊಗಟೆಯ ಆಮದನ್ನೇ ತಡೆಹಿಡಿಯಿತು. ಅದಾದ ಮೇಲೆ ಎಣಿಕೆಗೆ ಬಲ ಬಂತು. ಕಾಡನ್ನು ಘಟಕಗಳಾಗಿ ಹಂಚಿ, ಒಂದೊಂದರಲ್ಲೂ ಮರ ಎಣಿಸಿ, ಎಷ್ಟು ಕೊಯ್ಯಬಹುದೆಂದು ಮಿತಿ ಹಾಕಿ, ಅಷ್ಟಕ್ಕೆ ಮಾತ್ರ ಪರವಾನಗಿ ಕೊಡುವ ಪದ್ಧತಿ ಬಂತು. ಕ್ಯಾಮರೂನ್ ಬೆಟ್ಟದ ಸುತ್ತ 2009ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಹಳ್ಳಿಯ ಕೊಯ್ಲುಗಾರರ ಸಂಘದೊಂದಿಗೆ ಒಪ್ಪಂದವೂ ಆಯಿತು. ನನ್ನ ಪರದೆಯಲ್ಲಿ ಟಿಕ್ ಮಾಡುವ ಒಂದು ಸಣ್ಣ ಚೌಕಕ್ಕೆ ಅಷ್ಟು ಜನ ಬೆಟ್ಟ ಹತ್ತಿ ಮರ ಎಣಿಸಬೇಕು.

ಮದ್ದು ಕೆಲಸ ಮಾಡುತ್ತದೆಯೇ?

ಮರಕ್ಕೆ ಇಷ್ಟು ಬೆಲೆ ತೆರುವ ಮದ್ದು ಎಷ್ಟರಮಟ್ಟಿಗೆ ಉಪಯೋಗ ಎಂಬುದನ್ನೂ ನೋಡಬೇಕು. ಕಾಕ್ರೇನ್ ಸಂಸ್ಥೆಯ ವಿಮರ್ಶೆ 18 ಪ್ರಯೋಗಗಳನ್ನು, 1,562 ಗಂಡಸರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ರಾತ್ರಿ ಏಳುವುದು 19% ಕಡಿಮೆಯಾಯಿತು, ಕೋಶದಲ್ಲಿ ಉಳಿಯುವ ಮೂತ್ರ 24% ಇಳಿಯಿತು, ಹರಿವಿನ ವೇಗ 23% ಏರಿತು. ಸಾಧಾರಣವಾದರೂ ಗುಣ ಇದೆ ಎಂದಾಯಿತು. ಆದರೆ ಪ್ರಯೋಗಗಳು ಚಿಕ್ಕವು, ಬಹಳಷ್ಟು ಎರಡು ಮೂರು ತಿಂಗಳಲ್ಲಿ ಮುಗಿದವು. ವರ್ಷಗಟ್ಟಲೆ ತೆಗೆದುಕೊಂಡರೆ ಏನು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ತೊಗಟೆಯಲ್ಲಿ ಬೀಟಾ ಸಿಟೋಸ್ಟೆರಾಲ್, ಫೆರುಲಿಕ್ ಆಮ್ಲದ ಎಸ್ಟರ್‌ಗಳು, ಟ್ರೈಟರ್ಪೀನ್‌ಗಳು ಮುಂತಾದ ಅಂಶಗಳಿವೆ. ಊತ ಇಳಿಸುವ ಕೆಲಸ ಇವುಗಳದ್ದು ಎನ್ನುತ್ತಾರೆ.

ಇನ್ನೊಂದು ಕಡೆ ಟ್ಯಾಮ್ಸುಲೋಸಿನ್, ಫಿನಾಸ್ಟರೈಡ್‌ನಂಥ ಮಾತ್ರೆಗಳಿವೆ. ಕಾರ್ಖಾನೆಯಲ್ಲಿ ತಯಾರಾಗುತ್ತವೆ, ಚೆನ್ನಾಗಿ ಪರೀಕ್ಷೆಗೊಳಗಾಗಿವೆ, ನಮ್ಮಲ್ಲಿ ಜೆನೆರಿಕ್ ರೂಪದಲ್ಲಿ ಸಿಗುತ್ತವೆ. ಅವಕ್ಕೂ ಅಡ್ಡಪರಿಣಾಮಗಳಿವೆ, ವೈದ್ಯರು ನೋಡಿಯೇ ಕೊಡಬೇಕು. ನಾನು ಅಪ್ಪನನ್ನು ಮೂತ್ರರೋಗ ತಜ್ಞರ ಬಳಿ ಕರೆದುಕೊಂಡು ಹೋದೆ. ರಕ್ತಪರೀಕ್ಷೆ, ಸ್ಕ್ಯಾನ್ ಆಯಿತು. ಕ್ಯಾನ್ಸರಿನ ಸೂಚನೆಯಿಲ್ಲ, ಸಾಮಾನ್ಯ ಹಿಗ್ಗುವಿಕೆ ಎಂದರು. ಒಂದು ಮಾತ್ರೆ ಬರೆದುಕೊಟ್ಟರು. ಈಗ ಐದು ಸಲ ಏಳುತ್ತಿದ್ದವರು ಎರಡಕ್ಕೆ ಬಂದಿದ್ದಾರೆ. ಬಾಟಲಿ ತೆರೆಯುವ ಪ್ರಸಂಗ ಬರಲಿಲ್ಲ.

ಓದುವವರಲ್ಲಿ ಊರಿನಲ್ಲಿ ಅಪ್ಪ, ಮಾವ ಇರುವವರಿಗೆ ಒಂದು ಮಾತು. ಈ ತೊಂದರೆಯನ್ನು ಗಂಡಸರು ಫೋನಿನಲ್ಲಿ ಹೇಳುವುದಿಲ್ಲ. ಕೇಳಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಉರಿ, ಜ್ವರ ಬಂದರೆ ಬಾಟಲಿ ಹುಡುಕುವ ಸಮಯ ಅದಲ್ಲ, ಆಸ್ಪತ್ರೆಗೆ ಹೋಗುವ ಸಮಯ. ಮೂತ್ರದ ತೊಂದರೆಯ ಹಿಂದೆ ಕೆಲವೊಮ್ಮೆ ಕ್ಯಾನ್ಸರೂ ಇರಬಹುದಾದ್ದರಿಂದ ಪರೀಕ್ಷೆಯಾಗದೆ ಯಾವ ಗಿಡಮೂಲಿಕೆಯನ್ನೂ ನೆಚ್ಚಿ ಕೂರಬಾರದು.

ನಮ್ಮಲ್ಲಿ ಉಪ್ಪಾಗೆ

ಈ ಕಥೆ ಓದುತ್ತ ನನಗೆ ನೆನಪಾದದ್ದು ಉಪ್ಪಾಗೆ. ಹುಳಿಗೆ ಸಿಪ್ಪೆ, ದೋಸೆಗೆ ಬೀಜದ ತುಪ್ಪ, ಇಷ್ಟಕ್ಕೆ ಬಳಕೆಯಾಗುತ್ತಿದ್ದ ಉತ್ತರ ಕನ್ನಡದ ಕಾಡುಮರ. 1990ರ ದಶಕದಲ್ಲಿ ಅದರ ಸಿಪ್ಪೆಯಲ್ಲಿರುವ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರ ವಿದೇಶದಲ್ಲಿ ಹಬ್ಬಿತು, ಬೇಡಿಕೆ ಏರಿತು. ಕಾಡಿನಲ್ಲಿ ಪೈಪೋಟಿ ಶುರುವಾಯಿತು. ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬರ ಪಾಲು ಎಂದು ಹಣ್ಣಾಗುವ ಮೊದಲೇ ಕಾಯಿ ಉದುರಿಸಿದರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಲೆಕ್ಕವಿಲ್ಲದಷ್ಟು ಸೌದೆ ಉರಿಯಿತು. ತೊಗಟೆಯ ಬದಲು ಹಣ್ಣು, ಪ್ರಾಸ್ಟೇಟ್ ಬದಲು ಬೊಜ್ಜು. ಉಳಿದದ್ದೆಲ್ಲ ಕ್ಯಾಮರೂನ್‌ನಂತೆಯೇ.

ನಮ್ಮಲ್ಲಿ ಸ್ವಲ್ಪ ಸುಧಾರಿಸಿದ್ದು ಮರ ತೋಟಕ್ಕೆ ಬಂದ ಮೇಲೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಕಸಿಗಿಡದ ಮೇಲೆ ಕೆಲಸ ಮಾಡಿದರು, ರೈತರು ಬೆಟ್ಟದಲ್ಲಿ, ತೋಟದಂಚಿನಲ್ಲಿ ನೆಟ್ಟರು. ತನ್ನ ಬೇಲಿಯೊಳಗಿನ ಉಪ್ಪಾಗೆಯನ್ನು ಯಾರೂ ಕಾಯಿಯಲ್ಲೇ ಕೊಯ್ಯುವುದಿಲ್ಲ.

ನೆಟ್ಟವರ ಮರ

ಕ್ಯಾಮರೂನ್‌ನ ವಾಯವ್ಯ ಬೆಟ್ಟಗಳಲ್ಲಿ ನಡೆದದ್ದೂ ಅದೇ. ನೈರೋಬಿಯಲ್ಲಿ ಕೇಂದ್ರ ಕಚೇರಿಯಿರುವ ಕೃಷಿ ಅರಣ್ಯ ಸಂಶೋಧನಾ ಸಂಸ್ಥೆ ಐಕ್ರಾಫ್‌ನಂಥವರು ಬೀಜ ಬೇಗ ಸಾಯುವ ಈ ಮರವನ್ನು ಕಡ್ಡಿಯಿಂದ, ಗೂಟಿಯಿಂದ ಬೆಳೆಸುವ ದಾರಿ ಹುಡುಕಿದರು. ರೈತರು ನರ್ಸರಿ ಮಾಡಿ ಹೊಲದ ಬದುವಿನಲ್ಲಿ, ಕಾಫಿಯ ನಡುವೆ, ಮನೆಯ ಹಿತ್ತಿಲಲ್ಲಿ ಸಾವಿರಾರು ಸಸಿ ನೆಟ್ಟರು. ತೊಗಟೆ ಕೊಡುವಷ್ಟು ಬೆಳೆಯಲು ಹದಿನೈದು ವರ್ಷದಷ್ಟು ಕಾಯಬೇಕು. ಅಷ್ಟು ವರ್ಷ ಅದು ಗಾಳಿಗೆ ತಡೆ, ಜೇನಿಗೆ ಹೂ, ಗುದ್ದಲಿಗೆ ಕಾವು.

ಆದರೆ ನೆಟ್ಟವರಿಗೆ ಒಂದು ತೊಡಕಿದೆ. ತೊಗಟೆ ಮಾರುವಾಗ ಇದು ಕಾಡಿನದ್ದಲ್ಲ, ನನ್ನ ಹಿತ್ತಿಲಿನದ್ದು ಎಂದು ಸಾಬೀತು ಮಾಡಬೇಕು. ನಮ್ಮ ರೈತರು ತಾವೇ ನೆಟ್ಟ ಶ್ರೀಗಂಧಕ್ಕೆ, ಬೀಟೆಗೆ ಇಲಾಖೆಯ ಬಾಗಿಲು ಬಡಿಯುತ್ತಾರಲ್ಲ, ಹಾಗೆಯೇ. ಪತ್ರವಿಲ್ಲದವನ ತೊಗಟೆಯನ್ನು ಮಧ್ಯವರ್ತಿ ಅಗ್ಗಕ್ಕೆ ಕೇಳುತ್ತಾನೆ. ಹದಿನೈದು ವರ್ಷ ಕಾದವನಿಗೆ ಅರ್ಧ ಬೆಲೆ ಸಿಕ್ಕರೆ ಅವನ ಮಗ ಇನ್ನೊಂದು ಸಸಿ ನೆಡುವುದಿಲ್ಲ.

ನೆಟ್ಟ ಮರವನ್ನೂ ಕಾಡಿನ ಮರವನ್ನೂ ಬೇರೆ ಬೇರೆ ಗುರುತಿಸಿ, ರೈತನ ಹೆಸರಿನಿಂದ ಬಂದರಿನವರೆಗೆ ದಾಖಲೆ ಇಡುವುದು ಇವತ್ತಿನ ತಂತ್ರಜ್ಞಾನಕ್ಕೆ ಕಷ್ಟದ ಕೆಲಸವಲ್ಲ. ನಾವು ಊಟದ ಪಾರ್ಸೆಲ್ಲನ್ನು ಗಲ್ಲಿ ಗಲ್ಲಿಯಲ್ಲಿ ಬೆನ್ನಟ್ಟುವ ಸಾಫ್ಟ್‌ವೇರ್ ಬರೆದವರು. ಕಷ್ಟವಿರುವುದು, ಕೊಳ್ಳುವವನು ಅದಕ್ಕಾಗಿ ಕೇಳದೇ ಇರುವುದರಲ್ಲಿ. ಆನ್‌ಲೈನಿನಲ್ಲಿ ಈಗ ನಮ್ಮ ದೇಶದಲ್ಲೂ ಪೈಜಿಯಂ ಬಾಟಲಿಗಳು ಸಿಗುತ್ತವೆ. ವೈದ್ಯರು ನೋಡಿ, ಬೇಕೆನಿಸಿ ಕೊಳ್ಳುವವರಿದ್ದರೆ ಲೇಬಲ್ಲಿನಲ್ಲಿ ಮೂರು ಸಂಗತಿ ನೋಡಿ: ತೊಗಟೆ ಯಾವ ದೇಶದ್ದು, ಬೆಳೆಸಿದ ಮರದ್ದೋ ಕಾಡಿನದ್ದೋ, ಒಳಗಿರುವುದು ಸಾರವೋ ಬರೀ ಪುಡಿಯೋ. ಬರೆದಿರದಿದ್ದರೆ ಮಾರುವವರಿಗೆ ಬರೆದು ಕೇಳಿ. ಅಶೋಕಾರಿಷ್ಟದ ಬಾಟಲಿಗೂ ಇದೇ ಪ್ರಶ್ನೆ ಹಾಕಬಹುದು, ಪಶ್ಚಿಮ ಘಟ್ಟದ ಅಶೋಕವೂ ತೊಗಟೆಗಾಗಿ ಸೊರಗಿದ ಮರವೇ. ಉತ್ತರ ಬಂದರೆ ಕೊಳ್ಳಿ, ಬಾರದಿದ್ದರೆ ಬಿಡಿ.